ಬಿಲದ ಬಾಗಿಲಲ್ಲಿ ಸುಗ್ರೀವ

ನಮ್ಮ ಸರ್ವರ್ ರೂಮಿನಲ್ಲಿ ಏನೂ ಕೆಲಸ ಮಾಡದೆ ಸಂಬಳ ತಿನ್ನುವ ಯಂತ್ರವೊಂದಿದೆ. ಸಂಬಳ ಅಂದರೆ ಕರೆಂಟು, ಎ.ಸಿ. ಗಾಳಿ, ವರ್ಷಕ್ಕೊಮ್ಮೆ ಕಟ್ಟುವ ಎ.ಎಂ.ಸಿ. ದುಡ್ಡು. ಅದೇ ರ್ಯಾಕಿನ ಮೇಲುಗಡೆ ಅದರ ಅಣ್ಣನಿದ್ದಾನೆ. ಇಬ್ಬರದೂ ಒಂದೇ ಮಾಡೆಲ್ಲು. ಒಂದೇ ಲಾರಿಯಲ್ಲಿ ಬಂದಿಳಿದವರು. ಅಣ್ಣ ಹಗಲೂ ರಾತ್ರಿ ಗೇಯುತ್ತಾನೆ. ಯಾರ್ಯಾರೋ ಎಲ್ಲೆಲ್ಲಿಂದಲೋ ಮೊಬೈಲು ಒತ್ತಿದರೆ ಅವರಿಗೆ ಪುಟ ಕಳಿಸಬೇಕು, ಫಾರಂ ತುಂಬಿಸಿಕೊಳ್ಳಬೇಕು, ರಸೀದಿ ಕೊಡಬೇಕು. ತಮ್ಮ ಮಾತ್ರ ಹಸಿರು ದೀಪ ಮಿಟುಕಿಸುತ್ತಾ ಆರಾಮಾಗಿ ಕೂತಿರುತ್ತಾನೆ.

ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಒಮ್ಮೆ ಆಸ್ತಿಯ ಪಟ್ಟಿ ಹಿಡಿದುಕೊಂಡು ಆ ರೂಮಿಗೆ ಬಂದರು. ಪ್ರತಿ ಯಂತ್ರದ ಸ್ಟಿಕ್ಕರಿನ ನಂಬರು ನೋಡಿ ಟಿಕ್ ಹಾಕುತ್ತಾ ಬಂದವರು ತಮ್ಮನ ಎದುರು ನಿಂತರು.

"ಇದು ಏನ್ ಕೆಲಸ ಮಾಡುತ್ತೆ?"

"ಕಾಯುತ್ತೆ ಸಾರ್."

"ಏನನ್ನ?"

"ಮೇಲಿನದು ಸಾಯೋದನ್ನ."

ಅವರು ಕನ್ನಡಕ ಮೇಲೇರಿಸಿ ಎರಡನ್ನೂ ಒಂದು ಸಲ ನೋಡಿದರು. ಇಂಥ ಹುದ್ದೆ ತಮಗೂ ಒಂದು ಸಿಕ್ಕಿದ್ದರೆ ಎಂಬ ಭಾವ ಮುಖದಲ್ಲಿ ಹಾದುಹೋಯಿತು. ಆಮೇಲೆ ಕೇಳಿದರು: "ಅದು ಸತ್ತಿದೆ ಅಂತ ಇದಕ್ಕೆ ಹೇಗ್ರೀ ಗೊತ್ತಾಗುತ್ತೆ?"

ಈ ಪ್ರಶ್ನೆಗೆ ಸಲೀಸಾದ ಉತ್ತರ ಒಂದಿದೆ, ನಿಜವಾದ ಉತ್ತರ ಇನ್ನೊಂದಿದೆ. ಸಲೀಸಾದ್ದನ್ನು ಹೇಳಿ ಅವರನ್ನು ಕಾಫಿಗೆ ಕರೆದುಕೊಂಡು ಹೋದೆ. ನಿಜವಾದ ಉತ್ತರ ಬಹಳ ಚಿಕ್ಕದು: ಗೊತ್ತಾಗುವುದಿಲ್ಲ. ಆದರೆ ಯಂತ್ರ ಖರೀದಿಗೆ ಸಹಿ ಹಾಕಿದವರ ಮುಂದೆ ಅದನ್ನು ಹೇಳುವಂತಿಲ್ಲ.

ಸಲೀಸಾದ ಉತ್ತರ ಹೀಗೆ. ಅಣ್ಣ ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂದು ಕೂಗುತ್ತಿರುತ್ತಾನೆ. ಈ ಕೂಗಿಗೆ ವಿಆರ್‌ಆರ್‌ಪಿ ಎಂಬ ಕಟ್ಟುಕಟ್ಟಳೆ ಇದೆ. 1998ರಲ್ಲಿ ಅದು ಮೊದಲ ಸಲ ನಿಯಮವಾಗಿ ಹೊರಬಂತು. ಕೂಗು ಹೋಗುವುದು 224.0.0.18 ಎಂಬ ವಿಳಾಸಕ್ಕೆ. ಅದು ಯಾರೊಬ್ಬರ ಮನೆಯ ವಿಳಾಸವೂ ಅಲ್ಲ, ಆ ಸುದ್ದಿಯಲ್ಲಿ ಆಸಕ್ತಿ ಇದ್ದವರೆಲ್ಲ ಕಿವಿಗೊಡಬಹುದಾದ ಕಟ್ಟೆ. ರಾತ್ರಿ ಪಾಳಿಯಲ್ಲಿ ಬೇಜಾರಾದಾಗ ನಾನು ಟಿಸಿಪಿಡಂಪ್ ಎಂಬ ತಂತ್ರಾಂಶ ಹಾಕಿಕೊಂಡು ಅದನ್ನು ನೋಡುತ್ತಾ ಕೂರುವುದುಂಟು. ಕಪ್ಪು ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಬೀಳುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಮಾತು: ನನ್ನ ಗುಂಪು ಇಂಥದ್ದು, ನನ್ನ ಆದ್ಯತೆ 101. ತಮ್ಮನ ಆದ್ಯತೆ 100. ಒಂದೇ ಒಂದು ಅಂಕದಲ್ಲಿ ಹಿರಿತನ ತೀರ್ಮಾನ. ತಮ್ಮ ಬಾಯಿ ಬಿಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ ಅಷ್ಟೆ.

ಅಪ್ಪ ಪಿಂಚಣಿಗಾಗಿ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆಂದು ಸಹಿ ಹಾಕಿ ಬರುತ್ತಿದ್ದರು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಸಹಿ ಹೋಗಿ ಬೆರಳು ಬಂತು. ಅಪ್ಪನ ಹಾರ್ಟ್‌ಬೀಟಿನ ಅಂತರ ಹನ್ನೆರಡು ತಿಂಗಳು, ನಮ್ಮ ಸರ್ವರಿನದು ಒಂದು ಸೆಕೆಂಡು, ತತ್ವ ಒಂದೇ. ತೊಂದರೆಯೂ ಒಂದೇ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಒಂದು ವರ್ಷ ಯಂತ್ರ ಅವರ ಬೆರಳನ್ನು ಒಪ್ಪಲೇ ಇಲ್ಲ. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು, ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯಿತು. ಕೌಂಟರಿನ ಹುಡುಗ, "ಅಜ್ಜಾ, ಸಿಸ್ಟಮ್ ತಗೊಳ್ತಿಲ್ಲ" ಎಂದ. ಎದುರಿಗೇ ಕೂತು ಅಷ್ಟು ಗಟ್ಟಿಯಾಗಿ ಬೈಯುತ್ತಿದ್ದ ಮನುಷ್ಯ ಆ ಹೊತ್ತಿಗೆ ದಾಖಲೆಯ ಪ್ರಕಾರ ಸಂಶಯಾಸ್ಪದ. ಸುದ್ದಿ ಬಂದಿಲ್ಲ ಎನ್ನುವುದಕ್ಕೂ ಆಳು ಇಲ್ಲ ಎನ್ನುವುದಕ್ಕೂ ನಡುವೆ ಇರುವ ದೂರ ಅಪ್ಪನ ಕೆಂಪೇರಿದ ಮುಖದಲ್ಲಿ ಕಾಣುತ್ತಿತ್ತು.

ನಮ್ಮ ತಮ್ಮ ಎಷ್ಟು ಹೊತ್ತು ಕಾಯುತ್ತಾನೆ? ಮೂರು ಕೂಗು ತಪ್ಪುವಷ್ಟು, ಮೇಲೊಂದಿಷ್ಟು ಚಿಲ್ಲರೆ. ಆ ಚಿಲ್ಲರೆಗೂ ಲೆಕ್ಕವಿದೆ: 256ರಲ್ಲಿ ತನ್ನ ಆದ್ಯತೆಯನ್ನು ಕಳೆದು 256ರಿಂದ ಭಾಗಿಸಬೇಕು. ಆದ್ಯತೆ 100 ಇದ್ದವನಿಗೆ ಒಟ್ಟು 3.6 ಸೆಕೆಂಡು ಬರುತ್ತದೆ. ಕಾಯುವವರು ಹಲವರಿದ್ದಾಗ ಹೆಚ್ಚು ಅಂಕದವನು ಕೂದಲೆಳೆ ಮೊದಲೇ ಏಳಲಿ, ಎಲ್ಲರೂ ಒಟ್ಟಿಗೆ ಎದ್ದು ಗದ್ದಲ ಮಾಡದಿರಲಿ ಎಂದು ಈ ಏರ್ಪಾಟು. ಎದ್ದವನು ಮೊದಲು ವಿಳಾಸ ಹಿಡಿಯುತ್ತಾನೆ. ಜನ ಬಂದು ತಟ್ಟುವ ಐಪಿ ವಿಳಾಸ ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ. ಅದು ಸಿಂಹಾಸನದ ವಿಳಾಸ, ಕೂತವನದು. ಕೂತ ಕೂಡಲೇ "ಇನ್ನು ಮೇಲೆ ಈ ವಿಳಾಸಕ್ಕೆ ನಾನು" ಎಂದು ಸುತ್ತಲಿನ ಸ್ವಿಚ್ಚು, ರೂಟರುಗಳಿಗೆ ಸಾರುತ್ತಾನೆ. ಯಾರೂ ಕೇಳಿರುವುದಿಲ್ಲ. ಆದರೂ ಐದು ಸಲ ಹೇಳುತ್ತಾನೆ, ಸ್ವಲ್ಪ ಬಿಟ್ಟು ಮತ್ತೆ ಐದು ಸಲ.

ಇಷ್ಟನ್ನೆಲ್ಲ ಮಾಡಿಸುವ ಕೀಪಲೈವ್‌ಡಿ ಎಂಬ ತಂತ್ರಾಂಶವನ್ನು ಬರೆದವರು ಅಲೆಕ್ಸಾಂಡರ್ ಕಾಸೆನ್. ಕಾನ್ಫಿಗರೇಶನ್ ಫೈಲು ಹದಿನೈದಿಪ್ಪತ್ತು ಸಾಲು ಮೀರುವುದಿಲ್ಲ. ಅದರ ಜೊತೆ ಬರುವ ಮಾದರಿ ಫೈಲಿನಲ್ಲಿ ಗುಂಪಿನ ಸಂಖ್ಯೆ 51 ಎಂದಿದೆ, ಗುಟ್ಟಿನ ಪದ 1111 ಎಂದಿದೆ. ಹೀಗಾಗಿ ಲೋಕದಲ್ಲಿ ಎಲ್ಲರ ಗುಂಪೂ 51, ಎಲ್ಲರ ಗುಟ್ಟೂ 1111. 1ರಿಂದ 255ರವರೆಗೆ ಯಾವುದನ್ನು ಬೇಕಾದರೂ ಇಟ್ಟುಕೊಳ್ಳುವ ಸ್ವಾತಂತ್ರ್ಯ ಇದ್ದಾಗ್ಯೂ ಮನುಷ್ಯ ಮಾದರಿಯನ್ನೇ ನಕಲು ಮಾಡುತ್ತಾನೆ. ನಮ್ಮದೇ ನೆಟ್‌ವರ್ಕಿನಲ್ಲಿ ಇನ್ನೊಂದು ವಿಭಾಗದವರು ಹೇಳದೆ ಕೇಳದೆ ಇನ್ನೊಂದು 51 ಸ್ಥಾಪಿಸಿದ್ದರು. ಈ ಮನೆಯ ಕೂಗು ಆ ಮನೆಗೆ ಕೇಳಿ, ಆ ಮನೆಯದು ಈ ಮನೆಗೆ ಕೇಳಿ, ನಾಲ್ಕೂ ಯಂತ್ರಗಳು ಒಂದರ ಮೇಲೊಂದು ಲಾಗ್ ಫೈಲಿನ ತುಂಬ ದೂರು ಬರೆದುಕೊಳ್ಳುತ್ತಿದ್ದವು. ನಾವು ಇನ್ನೊಂದು ಸಂಖ್ಯೆಗೆ ಹೋದೆವು. ಅವರು ಇವತ್ತಿಗೂ 51ರಲ್ಲೇ ಇದ್ದಾರೆ, ಸುಖವಾಗಿದ್ದಾರೆ.

ಇನ್ನು ನಿಜವಾದ ಉತ್ತರ. ಅದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕಲಿಯಲಿಲ್ಲ, ಆನೆಗೊಂದಿಯಲ್ಲಿ ಕಲಿತೆ.

ಟೀಮಿನವರೆಲ್ಲ ಹಂಪಿಗೆ ಹೋದವರು ತಳವಾರ ಘಟ್ಟದಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದೆವು. ಆ ದಡ ಕಿಷ್ಕಿಂಧೆ. ಅಂಜನಾದ್ರಿ ಅಲ್ಲಿದೆ, ಪಂಪಾ ಸರೋವರ ಅಲ್ಲಿದೆ, ದುರ್ಗಾದೇವಿ ಗುಡಿಯ ಹಿಂದಿನ ಬೆಟ್ಟದಲ್ಲಿ ವಾಲಿಯ ಕೋಟೆ, ವಾಲಿಯ ಗವಿ ಎಂದು ತೋರಿಸುತ್ತಾರೆ. ಬಂಡೆಯ ಮೇಲೆ ಬಂಡೆ ಕೂತ ಆ ಊರಿನಲ್ಲಿ ಯಾವ ಸಂದಿಯನ್ನು ತೋರಿಸಿದರೂ ನಂಬಬೇಕೆನಿಸುತ್ತದೆ. ಗೈಡು ಗವಿಯ ಬಾಯಿಗೆ ಕೈ ಮಾಡಿ, "ವಾಲಿ ಒಳಗ ಹೋಗಿದ್ದು ಹಿಂಗ ನೋಡ್ರಿ. ಮಾಯಾವಿ ಅನ್ನೋ ರಕ್ಕಸನ್ನ ಬೆನ್ನಟ್ಟಿಕೊಂಡು ಹೊಕ್ಕಾನ. ಸುಗ್ರೀವಗ ಬಾಗಿಲದಾಗ ನಿಂದ್ರು ಅಂದಾನ. ಒಂದ್ ವರ್ಷದ ಮ್ಯಾಲ ಕಾದ್ರೂ ಅಣ್ಣ ಬರಲಿಲ್ರಿ ಸರ" ಎಂದ.

ನಮ್ಮ ಜೊತೆಗಿದ್ದ ಹೊಸ ಹುಡುಗ ಥಟ್ಟನೆ, "ಟೈಮ್‌ಔಟ್ ಒಂದು ವರ್ಷ! ನಮ್ಮದು ಮೂರೂವರೆ ಸೆಕೆಂಡು" ಎಂದು ನಕ್ಕ. ಗೈಡಿಗೆ ಅರ್ಥವಾಗಲಿಲ್ಲ. ನಮಗೆ ಅರ್ಥವಾಗಿ, ಮುಂದಿನ ಅರ್ಧ ಗಂಟೆ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸುಗ್ರೀವನ ಬಗ್ಗೆ ನಮ್ಮ ಜನಕ್ಕೆ ಅಷ್ಟಾಗಿ ಗೌರವವಿಲ್ಲ. ಅಣ್ಣನನ್ನು ಗವಿಯಲ್ಲಿ ಮುಚ್ಚಿ ಬಂದು ಪಟ್ಟ ಏರಿದವನು ಎಂದೇ ಒಳಗೊಳಗೆ ಗೊಣಗುತ್ತಾರೆ. ಆದರೆ ಸ್ಟ್ಯಾಂಡ್‌ಬೈ ಸರ್ವರುಗಳ ನಡುವೆ ಬದುಕುವ ನನ್ನಂಥವನು ನೋಡಿದರೆ, ಅವನಷ್ಟು ಜವಾಬ್ದಾರಿಯಿಂದ ಕಾದವರಿಲ್ಲ. ವಾಲ್ಮೀಕಿ ಹೇಳುವ ಪ್ರಕಾರ ಅವನ ಕೈಯಲ್ಲಿ ಪುರಾವೆ ಇತ್ತು: ಬಿಲದ ಒಳಗಿಂದ ನೊರೆನೊರೆಯಾಗಿ ರಕ್ತ ಹರಿದು ಬಂತು, ರಕ್ಕಸರ ಅಬ್ಬರ ಕೇಳಿಸಿತು, ಅಣ್ಣನ ದನಿ ಕೇಳಿಸಲಿಲ್ಲ. ಇಷ್ಟನ್ನು ನೋಡಿ, ಬೆಟ್ಟದಂಥ ಬಂಡೆ ಎಳೆದು ಬಾಯಿ ಮುಚ್ಚಿ, ಅಣ್ಣನಿಗೆ ಎಳ್ಳುನೀರು ಬಿಟ್ಟು ಊರಿಗೆ ಬಂದ. ತಾನೇ ಪಟ್ಟ ಕೇಳಲೂ ಇಲ್ಲ. ಸುದ್ದಿ ತಿಳಿದ ಮಂತ್ರಿಗಳು ಸೇರಿ ಕೂರಿಸಿದರು. ಇದಕ್ಕಿಂತ ಎಚ್ಚರಿಕೆಯ ಪಟ್ಟ ಬದಲಾವಣೆ, ನಮ್ಮ ಭಾಷೆಯ ಫೇಲೋವರ್, ಯಾರು ಮಾಡುತ್ತಾರೆ? ಆದರೂ ತಪ್ಪಾಯಿತು. ಒಳಗಿದ್ದವನು ಸತ್ತಿರಲಿಲ್ಲ. ಬಿಡುವಿರಲಿಲ್ಲ, ಅಷ್ಟೆ.

ಹೊರಗಿದ್ದವನಿಗೆ ಈ ಎರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಅಣ್ಣ ಸತ್ತಿರಬಹುದು, ಅಥವಾ ಡಿಸ್ಕು ಹುಡುಕುತ್ತಾ ಮೈಮರೆತಿರಬಹುದು, ಅಥವಾ ಇಬ್ಬರ ನಡುವಿನ ಕೇಬಲ್ಲನ್ನು ಇಲಿ ಕಡಿದಿರಬಹುದು. ಮೂರರಲ್ಲೂ ತಮ್ಮನಿಗೆ ಕೇಳಿಸುವುದು ಒಂದೇ, ಮೌನ. ಸಂದೇಶ ಕಳೆದುಹೋಗುವ ಸಾಧ್ಯತೆ ಇರುವ ದಾರಿಯಲ್ಲಿ ಎಷ್ಟೇ ಸಂದೇಶ ಅಡ್ಡಾಡಿದರೂ ಇಬ್ಬರಿಗೂ ಒಂದೇ ವಿಷಯ ಖಾತ್ರಿಯಾಗಿ ತಿಳಿದಿದೆ ಎಂದು ಹೇಳಲಾಗದು ಎನ್ನುವುದನ್ನು 1975ರಲ್ಲೇ ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಮೂವರು ಒಂದು ಪ್ರಬಂಧದಲ್ಲಿ ತೋರಿಸಿದರು. ಅವರ ಉದಾಹರಣೆಯಲ್ಲಿ ಒಪ್ಪಂದಕ್ಕೆ ಬರಲು ಒದ್ದಾಡುವವರು ದರೋಡೆಕೋರರು. ಮೂರು ವರ್ಷದ ಮೇಲೆ ಜಿಮ್ ಗ್ರೇ ಅವರನ್ನು ಸೇನಾಧಿಪತಿಗಳನ್ನಾಗಿ ಮಾಡಿದರು. ಬಡ್ತಿ ಸಿಕ್ಕಿತೇ ಹೊರತು ಸಮಸ್ಯೆ ಹಾಗೇ ಉಳಿಯಿತು.

ವಾಲಿ ಬಂಡೆ ಒದ್ದು ಹೊರಗೆ ಬಂದ ಗಳಿಗೆಯಲ್ಲಿ ಕಿಷ್ಕಿಂಧೆಗೆ ಇಬ್ಬರು ರಾಜರು. ನಮ್ಮ ಕಸುಬಿನಲ್ಲಿ ಇದಕ್ಕೆ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಒಂದೇ ವಿಳಾಸವನ್ನು ಎರಡು ಯಂತ್ರಗಳು ಹಿಡಿದು ಕೂರುತ್ತವೆ, ಬಂದವರಲ್ಲಿ ಅರ್ಧ ಜನ ಇತ್ತ, ಅರ್ಧ ಜನ ಅತ್ತ. ಬರೀ ಪುಟ ತೋರಿಸುವ ವೆಬ್ ಸರ್ವರಿಗಾದರೆ ಇದರಿಂದ ಮಹಾ ನಷ್ಟವೇನಿಲ್ಲ. ಎರಡೂ ತೋರಿಸುವುದು ಒಂದೇ ಪುಟ. ಹಿಂದೆ ಡೇಟಾಬೇಸು ಇದ್ದರೆ ಕತೆ ಬೇರೆ. ಇಬ್ಬರು ರಾಜರೂ ಅಪ್ಪಣೆ ಹೊರಡಿಸುತ್ತಾರೆ, ಎರಡೂ ಕಡತದಲ್ಲಿ ಸಹಿ ಬೀಳುತ್ತದೆ, ಆಮೇಲೆ ಎರಡನ್ನು ಒಂದು ಮಾಡಲು ಬ್ರಹ್ಮನಿಂದಲೂ ಆಗದು.

2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಆದದ್ದು ಇದೇ ಜಾತಿಯದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಳಾಗುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಿಸಲು ಹೋದಾಗ ಅವರ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡು ತಪ್ಪಿತು. ನಲವತ್ತಮೂರು ಸೆಕೆಂಡೇ, ನಮ್ಮಲ್ಲಿ ಜನರೇಟರು ಕೆಮ್ಮಿ ಎದ್ದೇಳುವುದಕ್ಕೂ ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ಫೇಲೋವರ್ ನೋಡಿಕೊಳ್ಳುವ ತಂತ್ರಾಂಶ ಪಶ್ಚಿಮ ಕರಾವಳಿಯ ಡೇಟಾಬೇಸುಗಳಿಗೆ ಪಟ್ಟ ಕಟ್ಟಿಬಿಟ್ಟಿತು. ಪೂರ್ವದವರು ಬರೆದುಕೊಂಡಿದ್ದ ಕೆಲವು ಸೆಕೆಂಡಿನ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಸಂಪರ್ಕ ಮರಳಿದ ಮೇಲೆ ಪಶ್ಚಿಮದವರು ಬರೆದದ್ದು ಪೂರ್ವದಲ್ಲಿರಲಿಲ್ಲ. ಭಾರಿ ಓಡಾಟವಿದ್ದ ಒಂದು ಕ್ಲಸ್ಟರಿನಲ್ಲಿ ಹಾಗೆ ನಡುವೆ ಸಿಕ್ಕಿಕೊಂಡದ್ದು 954 ಬರಹಗಳು. ಎಲ್ಲವನ್ನೂ ಸರಿದಾರಿಗೆ ತರಲು 24 ಗಂಟೆ 11 ನಿಮಿಷ ಹಿಡಿಯಿತು. ನನಗೆ ಕೇಳಿದರೆ, ಆ 43 ಸೆಕೆಂಡು ಯಾರೂ ಏನೂ ಮಾಡದೆ ಕೈಕಟ್ಟಿ ಕೂತಿದ್ದರೆ ಜಗತ್ತು ಒಂದು ಸಲ ಪೇಜ್ ರಿಫ್ರೆಶ್ ಮಾಡಿಕೊಂಡು ಮುಂದೆ ಹೋಗುತ್ತಿತ್ತು. ಅವಸರದ ತಮ್ಮಂದಿರನ್ನು ಕಂಡರೆ ನನಗೆ ಆಗುವುದಿಲ್ಲ.

ಸುಗ್ರೀವ ಬಂಡೆ ಎಳೆದದ್ದಕ್ಕೂ ನಮ್ಮಲ್ಲಿ ಹೆಸರಿದೆ, ಫೆನ್ಸಿಂಗ್. ಪಟ್ಟ ಏರುವ ಮೊದಲು ಹಳೆಯವನು ತಿರುಗಿ ಬಾರದಂತೆ ನೋಡಿಕೊಳ್ಳಬೇಕು. ಅವನು ಸತ್ತಿದ್ದಾನೋ ಇಲ್ಲವೋ ಗೊತ್ತಿಲ್ಲವೇ? ಹಾಗಾದರೆ ಸಾಯಿಸಿಬಿಡು, ಆಗ ಗೊತ್ತಾಗುತ್ತದೆ. ಲಿನಕ್ಸಿನ ಕ್ಲಸ್ಟರ್ ಕಟ್ಟಿದ ಮಹಾನುಭಾವರು ಇದಕ್ಕೆ ಸ್ಟೋನಿತ್ ಎಂದು ಹೆಸರಿಟ್ಟರು. ಇನ್ನೊಂದು ಯಂತ್ರದ ತಲೆಗೆ ಗುಂಡು ಹೊಡಿ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ಸುಗ್ರೀವ ಮಾಡಿದ್ದರಲ್ಲಿ ಕೊರತೆ ಇದ್ದದ್ದು ಇಲ್ಲಿಯೇ: ಬಂಡೆ ಮುಚ್ಚಿದ, ಸರಿ, ಅದು ಕೆಲಸ ಮಾಡಿತೇ ಎಂದು ಖಚಿತ ಮಾಡಿಕೊಳ್ಳಲಿಲ್ಲ.

ಯಂತ್ರದ ತಲೆಗೆ ಗುಂಡು ಹೊಡೆಯುವುದೂ ಹೇಳಿದಷ್ಟು ಸುಲಭವಲ್ಲ. ಈಗಿನ ಸರ್ವರುಗಳ ಒಳಗೆ ಐಪಿಎಂಐ ಎಂಬ ಕಟ್ಟಳೆಗೆ ಓಗೊಡುವ ಪುಟ್ಟ ಮೇಲ್ವಿಚಾರಕ ಇರುತ್ತಾನೆ. ಹೊರಗಿನಿಂದ ಅವನಿಗೆ ಹೇಳಿದರೆ ಯಂತ್ರದ ಕರೆಂಟು ತೆಗೆದು, "ತೆಗೆದೆ" ಎಂದು ವರದಿ ಕೊಡುತ್ತಾನೆ. ಚೆನ್ನಾಗಿದೆ. ಆದರೆ ಮೇಲ್ವಿಚಾರಕ ಉಣ್ಣುವುದು ಅದೇ ಯಂತ್ರದ ಕರೆಂಟು. ಯಂತ್ರದ ಎರಡೂ ಪ್ಲಗ್ಗು ಕಳಚಿ ಅಣ್ಣ ನಿಜವಾಗಿಯೂ ಸತ್ತಾಗ ಮೇಲ್ವಿಚಾರಕನೂ ಜೊತೆಗೇ ಸತ್ತಿರುತ್ತಾನೆ. ತಮ್ಮ "ಕೊಲ್ಲು" ಎನ್ನುತ್ತಾನೆ, ಉತ್ತರವಿಲ್ಲ. ಕೊಂದದ್ದು ಖಾತ್ರಿಯಾಗದೆ ಪಟ್ಟ ಏರುವಂತಿಲ್ಲ. ಅಣ್ಣ ಸತ್ತು ಮಲಗಿದ್ದಾನೆ, ತಮ್ಮ ಆರೋಗ್ಯವಾಗಿದ್ದಾನೆ, ಸಿಂಹಾಸನ ಖಾಲಿ ಇದೆ, ಬಾಗಿಲಲ್ಲಿ ಜನ ನೆರೆದಿದ್ದಾರೆ, ಮರಣದ ದಾಖಲೆ ಸಿಗದೆ ಎಲ್ಲ ನಿಂತುಹೋಗಿದೆ! ಕರೆಂಟು ಹಂಚುವ ಪಟ್ಟಿಯನ್ನೇ ದೂರದಿಂದ ಆರಿಸುವ ಎರಡನೆಯ ಉಪಾಯವನ್ನೂ ಬರೆದಿಡದವರು ಈ ನಾಟಕ ಒಮ್ಮೆಯಾದರೂ ನೋಡಿರುತ್ತಾರೆ.

ಇದಕ್ಕೆ ತದ್ವಿರುದ್ಧದ ಇನ್ನೊಂದು ಆಟವಿದೆ. ನಡುವಿನ ಕೇಬಲ್ಲು ಮಾತ್ರ ಹೋದಾಗ ಇಬ್ಬರೂ ಬದುಕಿರುತ್ತಾರೆ, ಇಬ್ಬರಿಗೂ ಇನ್ನೊಬ್ಬ ಸತ್ತನೆಂದೇ ಅನಿಸುತ್ತದೆ. ಮೊದಲು ಹೊಡೆದವನು ಉಳಿಯುತ್ತಾನೆ. ಹೊಡೆಸಿಕೊಂಡವನು ಮತ್ತೆ ಬೂಟ್ ಆಗಿ ಎದ್ದು ಸುತ್ತ ನೋಡಿದರೆ ಇನ್ನೊಬ್ಬನ ಸದ್ದಿಲ್ಲ. ಸತ್ತಿರಬೇಕೆಂದು ತಾನೂ ಹೊಡೆಯುತ್ತಾನೆ. ಅವನು ಎದ್ದು ಇವನನ್ನು ಹೊಡೆಯುತ್ತಾನೆ. ಬೆಳಗಿನವರೆಗೆ ಸರ್ವರ್ ರೂಮಿನಲ್ಲಿ ಫ್ಯಾನುಗಳು ಮೊರೆದು ನಿಲ್ಲುವ, ನಿಂತು ಮೊರೆಯುವ ಸದ್ದು. ತಪ್ಪು ಯಾರದು ಎಂದು ಕೇಳಿದರೆ ಇಬ್ಬರೂ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ.

ಇಬ್ಬರ ಜಗಳ ಇಬ್ಬರಲ್ಲೇ ತೀರುವುದಿಲ್ಲ ಎಂಬುದನ್ನು ಕಂಡುಕೊಂಡು ಮೂರನೆಯವನನ್ನು ತಂದರು. ಕೋರಂ ಅನ್ನುವುದು ಇದಕ್ಕೇ. ಮೂವರಿದ್ದರೆ ಎರಡು ಮತ ಬಹುಮತ. ಒಂಟಿಯಾದವನು ತಾನು ಬದುಕಿದ್ದರೂ ಸುಮ್ಮನೆ ಕೂರಬೇಕು. ಮೂರನೆಯವನು ಕೆಲಸಗಾರನಾಗಿರಬೇಕೆಂದೇನೂ ಇಲ್ಲ, ಮತ ಹಾಕಿದರೆ ಸಾಕು. ಕಿಷ್ಕಿಂಧೆಗೆ ಆ ಮೂರನೆಯವನು ಋಷ್ಯಮೂಕದ ಬುಡಕ್ಕೆ ನಡೆದುಬಂದ. ಬಂದವನು ಮತವನ್ನಷ್ಟೇ ಹಾಕಲಿಲ್ಲ, ಮರದ ಹಿಂದೆ ನಿಂತು ಫೆನ್ಸಿಂಗೂ ಮಾಡಿದ. ಅದು ಧರ್ಮವೋ ಅಧರ್ಮವೋ ಎಂದು ತಲೆತಲಾಂತರದಿಂದ ಹರಿಕತೆ ಕಟ್ಟೆಗಳಲ್ಲಿ, ತಾಳಮದ್ದಲೆಗಳಲ್ಲಿ ಚರ್ಚೆ ನಡೆದಿದೆ. ವಾಲಿಯ ಪಾತ್ರಧಾರಿ ಸರಿಯಾಗಿದ್ದರೆ ರಾತ್ರಿ ಕಳೆದು ಬೆಳಗಾಗುತ್ತದೆ. ಕ್ಲಸ್ಟರ್ ನೋಡಿಕೊಳ್ಳುವವರಿಗೆ ಮಾತ್ರ ಅದರಲ್ಲಿ ಸಂಶಯವಿಲ್ಲ; ಎದುರಿಗೆ ನಿಂತು ಹೇಳಿ ಹೊಡೆಯುವ ಸ್ಟೋನಿತ್ ಇನ್ನೂ ಯಾರೂ ಬರೆದಿಲ್ಲ.

ರಾಮನ ಬಾಣವೂ ಮೊದಲ ಸಲ ಹೊರಡಲಿಲ್ಲವಲ್ಲ. ಅಣ್ಣತಮ್ಮಂದಿರು ಗುದ್ದಾಡುವಾಗ ಯಾರು ವಾಲಿ, ಯಾರು ಸುಗ್ರೀವ ಎಂದು ತಿಳಿಯದೆ ಬಿಲ್ಲು ಇಳಿಸಿದ. ಸುಗ್ರೀವ ಏಟು ತಿಂದು ಓಡಿಬಂದ. ಎರಡನೆಯ ಸಲ ಕಳಿಸುವಾಗ ಲಕ್ಷ್ಮಣ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಕಟ್ಟಿದ. ಗುರುತಿಲ್ಲದೆ ಹೊಡೆಯಲಾರೆ ಎಂದ ಆ ಬಿಲ್ಲುಗಾರನಿಗೆ ನಾನು ಕೈಮುಗಿಯುತ್ತೇನೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಸ್ಟ್ಯಾಂಡ್‌ಬೈ ಡೇಟಾಬೇಸಿನ ಕಡತಗಳನ್ನು ಅಳಿಸುತ್ತಿದ್ದೇನೆಂದುಕೊಂಡು ಮುಖ್ಯ ಡೇಟಾಬೇಸಿನದನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ಕೈ ತೆಗೆದರು; 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ. ಎರಡು ಕಪ್ಪು ಪರದೆಗಳು ಒಂದೇ ಥರ ಇದ್ದವು. ಆಮೇಲೆ ಅವರು ಹಮ್ಮಿಕೊಂಡ ಸುಧಾರಣೆಗಳಲ್ಲಿ, ಯಾವ ಯಂತ್ರದ ಮೇಲಿದ್ದೇವೆ ಎಂದು ಪರದೆಯಲ್ಲಿ ಎದ್ದು ಕಾಣುವಂತೆ ಮಾಡುವುದೂ ಒಂದು. ಅಂದರೆ ಗಜಪುಷ್ಪಿ.

ನಮ್ಮಲ್ಲಿ ಈ ಹೂವಿನ ಹಾರದ ವಿಷಯ ಅಕ್ಷರಶಃ ನಡೆದಿದೆ. ಆಯುಧಪೂಜೆಯ ದಿನ ಸರ್ವರ್ ರೂಮಿನಲ್ಲೂ ಪೂಜೆ. ರ್ಯಾಕಿನ ಬಾಗಿಲಿಗೆ ಬಾಳೆಕಂದು, ಪ್ರತಿ ಯಂತ್ರಕ್ಕೂ ಕುಂಕುಮದ ಬೊಟ್ಟು. ಬೂದುಗುಂಬಳ ಒಡೆಯುವುದು ಮಾತ್ರ ಹೊರಗೆ. ಒಳಗೆ ಹೊಗೆಯ ಎಚ್ಚರಿಕೆ ಗಂಟೆ ಇರುವುದರಿಂದ ಊದುಬತ್ತಿಯೂ ಬಾಗಿಲಾಚೆಯೇ. ಹೌಸ್‌ಕೀಪಿಂಗಿನ ಅಕ್ಕ ಒಬ್ಬರು, ದುಡಿಯುವ ಯಂತ್ರ ಯಾವುದೆಂದು ನಮ್ಮನ್ನು ಕೇಳಿ ತಿಳಿದು, ಅಣ್ಣನಿಗೆ ದೊಡ್ಡ ಚೆಂಡುಹೂವಿನ ಹಾರ ಹಾಕಿ ತಮ್ಮನಿಗೆ ಎರಡು ಬಿಡಿ ಹೂವು ಸಿಕ್ಕಿಸಿದರು. ಸರ್ವರು ಗಾಳಿ ಎಳೆದುಕೊಳ್ಳುವುದು ಮುಂದಿನಿಂದ. ರಾತ್ರಿಯಿಡೀ ಎಸಳುಗಳು ಒಂದೊಂದೇ ಜಾಲರಿಗೆ ಅಂಟಿಕೊಂಡು ಅಣ್ಣನಿಗೆ ಉಸಿರು ಕಟ್ಟಿತು. ಬಿಸಿಯೇರಿ ತಾನೇ ಆರಿಕೊಂಡ. ತಮ್ಮ 3.6 ಸೆಕೆಂಡಿನಲ್ಲಿ ಎದ್ದ. ಹೊರಗಿನ ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ರಜೆಯ ಮೇಲಿದ್ದ ಹೊಸ ಹುಡುಗ ಫೋನು ಮಾಡಿ, "ಯಾವುದನ್ನ ರೀಸ್ಟಾರ್ಟ್ ಮಾಡಬೇಕು?" ಎಂದು ಸೆಕ್ಯುರಿಟಿಯವರಿಗೆ ಗುರುತು ಹೇಳುತ್ತಿದ್ದ: "ಹಾರ ಇರೋದು ಅಣ್ಣಾ, ಹಾರ ಇರೋದು. ಹಾರ ಇಲ್ಲದ್ದನ್ನ ದಯವಿಟ್ಟು ಮುಟ್ಟಬೇಡಿ."

ಅಣ್ಣ ಎದ್ದು ಬಂದ ಮೇಲೆ ಏನು ಮಾಡಬೇಕು ಎನ್ನುವುದು ನಮ್ಮ ಟೀಮಿನಲ್ಲಿ ಇನ್ನೂ ತೀರದ ವ್ಯಾಜ್ಯ. ಹೆಚ್ಚು ಅಂಕದವನು ಮರಳಿದ ತಕ್ಷಣ ಸಿಂಹಾಸನ ಕಿತ್ತುಕೊಳ್ಳುವುದೇ ವಿಆರ್‌ಆರ್‌ಪಿಯ ಸಹಜ ಧರ್ಮ. ವಾಲಿ ಮಾಡಿದ್ದೂ ಅದನ್ನೇ. ಸುಗ್ರೀವ ಕಿರೀಟ ಅವನ ಕಾಲಿಗಿಟ್ಟು, ನೀನೇ ರಾಜ, ನಾನು ಕೊಡೆ ಹಿಡಿಯುತ್ತೇನೆ ಎಂದ. ಅಷ್ಟು ವಿನಯದ ಸ್ಟ್ಯಾಂಡ್‌ಬೈಯನ್ನೂ ಉಟ್ಟ ಬಟ್ಟೆಯಲ್ಲಿ ಓಡಿಸಿದ. ನಮ್ಮ ಟೀಮಿನ ಮುಖ್ಯಸ್ಥೆ ಧಾರವಾಡದವರು. "ಆರಾಮಿಲ್ಲದ ಮನಿಶಾ ಎದ್ದ ಕೂಡ್ಲೆ ಕುರ್ಚಿ ಮ್ಯಾಲ ಯಾಕ ಕೂಡಬೇಕ್ರಿ? ಮೊದಲ ಎರಡ ದಿನ ಗಂಜಿ ಕುಡೀಲಿ" ಎಂದು ಅವರ ಪಕ್ಷ. ಅವರ ಮಾತಿನಲ್ಲಿ ಹುರುಳಿದೆ: ಅರೆಜೀವದ ಅಣ್ಣ ಏಳುವುದು, ಪಟ್ಟ ಕಿತ್ತುಕೊಳ್ಳುವುದು, ಬೀಳುವುದು, ಮತ್ತೆ ಏಳುವುದು ನಡೆದರೆ ಒಂದು ಸಾವಿಗೆ ಬದಲು ಹತ್ತು ಸಾವು. ಕೀಪಲೈವ್‌ಡಿಯಲ್ಲಿ ಇದನ್ನು ತಡೆಯುವ ಒಂದು ಪದವಿದೆ, ನೋಪ್ರಿಯೆಂಪ್ಟ್. ಆದರೆ ಅದು ಫಲಿಸಬೇಕಾದರೆ ಫೈಲಿನಲ್ಲಿ ಇಬ್ಬರನ್ನೂ ಬ್ಯಾಕಪ್ ಎಂದೇ ಬರೆಯಬೇಕು. ಹುಟ್ಟಾ ರಾಜ ಯಾರೂ ಇಲ್ಲ, ಇಬ್ಬರೂ ತಮ್ಮಂದಿರೇ. ಈ ಷರತ್ತು ಓದಿದ ದಿನ ಮೇಡಂ ಇಡೀ ಟೀಮಿಗೆ ಗಿರಮಿಟ್ಟು ತರಿಸಿದರು.

ಇಷ್ಟೆಲ್ಲ ಬರೆದಿಟ್ಟರೂ ಅದು ನಡೆಯುತ್ತದೆಯೇ ಎಂದು ತಿಳಿಯಲು ಒಂದೇ ದಾರಿ, ಅಣ್ಣನ ಕೇಬಲ್ಲು ಕೀಳುವುದು. ಇದಕ್ಕೆ ಯಾವ ಸಾಹೇಬರೂ ಒಪ್ಪುವುದಿಲ್ಲ. "ನಡೀತಿರೋದನ್ನ ಯಾಕ್ರೀ ನಿಲ್ಲಿಸ್ತೀರಿ?" ಎನ್ನುತ್ತಾರೆ. ಅವರಿಗೆ ಒಂಬತ್ತುಗಳ ಮೇಲೆ ಪ್ರೀತಿ. ಶೇಕಡಾ 99.9 ಎಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಅಂಗಡಿ ಮುಚ್ಚಬಹುದು, 99.999 ಎಂದರೆ ಐದು ನಿಮಿಷ ಚಿಲ್ಲರೆ. ಒಪ್ಪಂದದ ಕಾಗದದಲ್ಲಿ ಇನ್ನೊಂದು 9 ಸೇರಿಸಲು ಒಂದು ಬೆರಳು ಸಾಕು. ಅಮೆರಿಕದ ಬೆಲ್ ಟೆಲಿಫೋನಿನವರು 1965ರಲ್ಲಿ ನ್ಯೂಜೆರ್ಸಿಯ ಸಕಸನ್ನಾ ಎಂಬ ಊರಲ್ಲಿ ಹಾಕಿದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ಇಟ್ಟುಕೊಂಡ ಗುರಿ, ನಲವತ್ತು ವರ್ಷದಲ್ಲಿ ಒಟ್ಟು ಎರಡು ಗಂಟೆ ನಿಲುಗಡೆ. ಅದರಲ್ಲಿ ಮಿದುಳು ಎರಡು. ಎರಡೂ ಒಂದೇ ಲೆಕ್ಕ ಮಾಡಿ ಉತ್ತರ ತಾಳೆ ನೋಡಿಕೊಳ್ಳುತ್ತಿದ್ದವು. ಆ ಗುರಿಗೆ ಅವರು ವರ್ಷಗಟ್ಟಲೆ ಒದ್ದಾಡಿದರು, ನಾವು ಟೆಂಡರಿನಲ್ಲಿ ಬರೆದುಬಿಡುತ್ತೇವೆ. ಟ್ಯಾಂಡಮ್ ಕಂಪನಿಯ ಜೋಡಿ ಯಂತ್ರಗಳು ಯಾಕೆ ನಿಂತವು ಎಂದು ಅದೇ ಜಿಮ್ ಗ್ರೇ 1985ರಲ್ಲಿ ಲೆಕ್ಕ ಹಾಕಿದಾಗ ಶೇಕಡಾ 42 ಸಲ ಕಾರಣ ನೋಡಿಕೊಳ್ಳುವವರ ಕೈ. ಅಂದರೆ ನಮ್ಮ ಕೈ. ಕೊನೆಗೆ ಸಾಹೇಬರು ಭಾನುವಾರ ನಡುರಾತ್ರಿಗೆ ಒಪ್ಪಿದರು. ಏಪ್ರಿಲ್ ಸೆಕೆಯಲ್ಲಿ ಸ್ವೆಟರು ಹಾಕಿಕೊಂಡು ಆ ಚಳಿಗೂಡಿಗೆ ಹೋಗಿ, ನೀಲಿ ಕೇಬಲ್ಲಿನ ಕೊಕ್ಕೆ ಒತ್ತಿ ಎಳೆದೆವು. ಪಿಂಗ್‌ನ ಸಾಲುಗಳಲ್ಲಿ ನಾಲ್ಕು ಬರಲಿಲ್ಲ; ಐದನೆಯದು ತಮ್ಮನಿಂದ ಬಂತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.

ಜನ ಮರೆಯುವ ವಿಷಯ ಅದರ ನಂತರದ್ದು. ತಮ್ಮ ಪಟ್ಟ ಏರಿದ ಕ್ಷಣದಿಂದ ಅವನಿಗೆ ತಮ್ಮನಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ಮಲಗಿದರೆ ಮುಂದಿನ ಏಟಿಗೆ ಯಾರೂ ಇಲ್ಲ. ವಾಲಿ ಸತ್ತ ಮೇಲೆ ಸುಗ್ರೀವನಿಗೆ ಪಟ್ಟ ಕಟ್ಟಿದಾಗಲೇ ಅಂಗದನನ್ನು ಯುವರಾಜನನ್ನಾಗಿ ಮಾಡಿಸಿದ ರಾಮನ ಮುಂದಾಲೋಚನೆ ನಮ್ಮ ಟಿಕೆಟ್ ವ್ಯವಸ್ಥೆಗೆ ಇಲ್ಲ. ಸತ್ತ ಅಣ್ಣನ ಬಿಡಿಭಾಗಕ್ಕೆ ಖರೀದಿ ಅನುಮತಿ ಬರುವ ಹೊತ್ತಿಗೆ ಹೊಸ ಮಾಡೆಲ್ಲು ಮಾರುಕಟ್ಟೆಗೆ ಬಂದಿರುತ್ತದೆ.

ಇನ್ನೊಂದನ್ನು ವಿಆರ್‌ಆರ್‌ಪಿ ನೋಡುವುದೇ ಇಲ್ಲ. ಯಂತ್ರ ಬದುಕಿದೆ, ಸೆಕೆಂಡಿಗೊಮ್ಮೆ ಕೂಗುತ್ತಿದೆ, ಆದರೆ ಒಳಗಿನ ವೆಬ್ ಸರ್ವರು ಎದ್ದೇಳುತ್ತಿಲ್ಲ. ಪಟ್ಟವಾದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಸುಗ್ರೀವ ಇದ್ದದ್ದು ಹೀಗೇ. ರಾಜನಿದ್ದಾನೆ, ಅರಮನೆಯಲ್ಲಿ ದೀಪವಿದೆ, ಸೀತೆಯನ್ನು ಹುಡುಕಿಸುವ ಕೆಲಸ ಮಾತ್ರ ನಡೆಯುತ್ತಿಲ್ಲ. ಹನುಮಂತ ಮೊದಲೇ ಎಚ್ಚರಿಸಿದ್ದೂ ಅಷ್ಟಕ್ಕಷ್ಟೇ. ಇಂಥವರನ್ನು ಹಿಡಿಯಲು ಹೊರಗಿನಿಂದ ಯಾರಾದರೂ ಬಂದು ಕೆಲಸ ಕೇಳಿ ನೋಡಬೇಕು. ಫ್ರಾನ್ಸಿನ ವಿಲಿ ಟಾರೋ ಬರೆದ ಎಚ್‌ಎಪ್ರಾಕ್ಸಿ ಅದನ್ನು ಮಾಡುತ್ತದೆ. ನಾವು ಬೇರೇನೂ ಹೇಳದಿದ್ದರೆ ಎರಡು ಸೆಕೆಂಡಿಗೊಮ್ಮೆ ಬಾಗಿಲು ತಟ್ಟುತ್ತದೆ. ಮೂರು ಸಲ ಉತ್ತರ ಬರದಿದ್ದರೆ ಹೆಸರು ಹೊಡೆಯುತ್ತದೆ, ಎರಡು ಸಲ ಸರಿಯಾಗಿ ಬಂದರೆ ಮತ್ತೆ ಸೇರಿಸುತ್ತದೆ. ಕಿಷ್ಕಿಂಧೆಗೆ ಬಂದ ಲಕ್ಷ್ಮಣ ಅಷ್ಟು ಸಮಾಧಾನಿಯಲ್ಲ, ಒಂದೇ ಸಲ ಹೆದೆ ಮಿಡಿದ. ಒಳಗಿನವನು ಹೆದರಿ ತಾನು ಬರದೆ ತಾರೆಯನ್ನು ಮುಂದೆ ಕಳಿಸಿದ. ಅವಳು ಬಂದವನ ಕೋಪ ಇಳಿಯುವಷ್ಟು ಹೊತ್ತು ಮಾತಿನಲ್ಲಿ ನಿಲ್ಲಿಸಿಕೊಂಡಳು. ಆ ಸೌಲಭ್ಯವೂ ಎಚ್‌ಎಪ್ರಾಕ್ಸಿಯಲ್ಲಿದೆ: ಒಳಗೆ ಯಾರೂ ಬಿಡುವಾಗಿಲ್ಲದಿದ್ದರೆ ಬಂದವರನ್ನು ಸಾಲಿನಲ್ಲಿ ಕೂರಿಸಿಕೊಳ್ಳುತ್ತದೆ. ಎಷ್ಟು ಹೊತ್ತು ಎನ್ನುವುದನ್ನು ನಾವೇ ಬರೆಯಬೇಕು. ನಾನು ಮೂವತ್ತು ಸೆಕೆಂಡು ಎಂದು ಬರೆದಿದ್ದೇನೆ. ಬೆಂಗಳೂರಿನ ಜನ ಹತ್ತರ ಮೇಲೆ ನಿಲ್ಲುವುದಿಲ್ಲ, ಇಳಿಸ್ರಿ ಎಂದು ಮೇಡಂ. ಸೋಮವಾರದ ಮೀಟಿಂಗಿಗೆ ಅದನ್ನು ಹಾಕಿಕೊಂಡಿದ್ದೇವೆ.